ಶೇಂಗಾ ರೇಟು ಹೇಳುತ್ತಿದ್ದ ದನಿ

ನನ್ನ ಸ್ವಿಚ್ಚು ನನ್ನ ಹೆಂಡತಿಯ ಕೈಯಲ್ಲಿದೆ. ಮದುವೆಯಾದ ಗಂಡಸರೆಲ್ಲ ಹೀಗೆ ಹೇಳಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ, ಯಾಕೆಂದರೆ ನನ್ನದು ನಿಜವಾದ ಸ್ವಿಚ್ಚು. ಮೊಬೈಲಿನಂಥ ಒಂದು ರಿಮೋಟು. ಅವಳು ಅದನ್ನು ಬೀಗದ ಕೈಯ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾಳೆ. ಆನ್ ಮಾಡಿದರೆ ನನ್ನ ಕೈ ನಿಲ್ಲುತ್ತದೆ, ನಾಲಿಗೆ ಮಲಗುತ್ತದೆ. ಆಫ್ ಮಾಡಿದರೆ ನಾಲಿಗೆ ಏಳುತ್ತದೆ, ಕೈ ಕುಣಿಯುತ್ತದೆ. ಎರಡೂ ಒಟ್ಟಿಗೆ ನೆಟ್ಟಗಿರಲಿ ಎಂದರೆ ಅದಕ್ಕೆ ಬಟನ್ ಇಲ್ಲ. ಮಾತಿನ ಮೇಲೆ ಬದುಕಿದ ಮನುಷ್ಯ ನಾನು. ಈಗ ಕೈ ನಿಂತಿರುವ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಬಾಯಿ ಬಿಟ್ಟು ಹೇಳಿದರೆ ನಿಮಗೆ ಒಂದಕ್ಷರ ತಿಳಿಯುವುದಿಲ್ಲ.

ನಮ್ಮದು ಚಳ್ಳಕೆರೆಯಲ್ಲಿ ಶೇಂಗಾ ಮಂಡಿ. ಅಪ್ಪ ಇಟ್ಟದ್ದು, ನಾನು ಬೆಳೆಸಿದ್ದು. ಮಂಡಿಯಲ್ಲಿ ತಕ್ಕಡಿಗಿಂತ ಗಂಟಲು ಮುಖ್ಯ. ರಾಶಿಯ ಮುಂದೆ ನಿಂತು, ಒಂದು ಹಿಡಿ ಕಾಯಿ ಎತ್ತಿ, ಒಂದನ್ನು ಹಿಸುಕಿ ಬೀಜ ತೋರಿಸಿ ನಾನು ಹರಾಜಿನ ಸವಾಲು ಕೂಗಿದರೆ ರಸ್ತೆಯಲ್ಲಿ ಹೋಗುವವನೂ ತಿರುಗಿ ನೋಡಬೇಕು, ಹಾಗಿತ್ತು ನನ್ನ ದನಿ. ಸವಾಲು ಕಂಪ್ಯೂಟರಿಗೆ ಹೋದ ಮೇಲೂ ನಾನು ಬಾಯಿ ಮುಚ್ಚಲಿಲ್ಲ. ದಿನಾ ಬೆಳಿಗ್ಗೆ ರೈತರ ಮೊಬೈಲ್ ಗ್ರೂಪಿಗೆ ರೇಟು ಹೇಳಿ ಕಳಿಸುತ್ತಿದ್ದೆ. "ನಮಸ್ಕಾರ ಕಣ್ರಪ್ಪಾ ಎಲ್ರಿಗೂ. ಇವತ್ತಿನ ಶೇಂಗಾ ರೇಟು ಕೇಳ್ಕಳ್ರಿ. ಒಣಗಿಸ್ದೆ ಹಸೀ ಕಾಯಿ ತಂದು ನನ್ ಹತ್ರ ಬೈಸ್ಕಬ್ಯಾಡ್ರಿ." ಪಕ್ಕದ ತಳಕು ಊರಿನ ಟೀ ಅಂಗಡಿಗಳಲ್ಲಿ ಅದನ್ನು ಜೋರಾಗಿ ಹಾಕಿಕೊಂಡು ಕೇಳುತ್ತಿದ್ದರಂತೆ. ರೇಟಿಗಿಂತ ನನ್ನ ಬೈಗುಳಕ್ಕೇ ಕಾಯುತ್ತಿದ್ದರು ಎಂದು ಹೆಂಡತಿ ಹೇಳುತ್ತಾಳೆ.

ಆಮೇಲೆ ಕೈ ನಡುಗಲು ಶುರುವಾಯಿತು. ಮೊದಲು ಟೀ ಲೋಟ, ಆಮೇಲೆ ಸಹಿ. ಕೊನೆಗೆ ಹಿಡಿಯಲ್ಲಿ ಎತ್ತಿದ ಶೇಂಗಾ ಎಲ್ಲರ ಮುಂದೆ ನೆಲಕ್ಕೆ ಚೆಲ್ಲತೊಡಗಿತು. "ಬೆಳ್‌ಬೆಳಿಗ್ಗೇನೇ ಹಾಕ್ಕಂಡು ಬಂದವ್ನೆ ಸಾವ್ಕಾರ" ಎಂದು ಹಮಾಲಿಯೊಬ್ಬ ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಜನ್ಮದಲ್ಲಿ ಹೆಂಡ ಮುಟ್ಟದವನಿಗೆ ಈ ಮಾತು! ಡಾಕ್ಟರು ನೋಡಿ, ಇದು ಬರೀ ಕೈ ನಡುಗುವ ಕಾಯಿಲೆ, ಪ್ರಾಣಕ್ಕೇನೂ ಅಪಾಯವಿಲ್ಲ ಎಂದರು. ಪ್ರಾಣ ಹೋದರೆ ಒಂದೇ ಸಲ ಹೋಗುತ್ತದೆ ಸ್ವಾಮಿ, ಮಾನ ದಿನಾ ಹೋಗುತ್ತಿತ್ತು.

ಮಾತ್ರೆಗಳು ಸೋತ ಮೇಲೆ ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ಹೋದೆವು. ತಲೆಗೆ ಎರಡು ತೂತು ಕೊರೆದು, ಮೆದುಳಿನೊಳಕ್ಕೆ ತಂತಿ ಇಳಿಸಿ, ಅದನ್ನು ಕಿವಿಯ ಹಿಂದಿನಿಂದ ಚರ್ಮದಡಿ ಎಳೆದು ತಂದು, ಎದೆಯಲ್ಲಿ ಒಂದು ಬ್ಯಾಟರಿ ಹೂಳುತ್ತೇವೆ ಎಂದರು. ಒಳಗೆ ಕರೆದುಕೊಂಡು ಹೋಗುವ ಮೊದಲು ಕೊರಳ ಲಿಂಗ ತೆಗೆಯಿರಿ ಎಂದರು. ನನ್ನ ಹೆಂಡತಿ ಮೊಳಕಾಲ್ಮೂರಿನವಳು, ರೇಷ್ಮೆ ಸೀರೆ ವ್ಯಾಪಾರದವರ ಮನೆಯ ಮಗಳು. ಸಿಟ್ಟು ಬಂದರೆ ಅವಳಿಗೆ ತೆಲುಗು ಬರುತ್ತದೆ. "ಅದಿ ತೀಯಕೂಡದು" ಎಂದು ನರ್ಸಿಗೆ ಅಡ್ಡ ನಿಂತಳು. ನರ್ಸಿಗೆ ಅರ್ಥವಾಗದಿದ್ದರೂ ತೆಗೆಯಬಾರದು ಎಂಬುದು ಮುಖ ನೋಡಿಯೇ ತಿಳಿಯಿತು. ಕೊನೆಗೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿ ಒಳಗೆ ಬಿಟ್ಟರು. ನಾನು ಎಚ್ಚರವಿದ್ದಾಗಲೇ ಕರೆಂಟು ಹರಿಸಿದರು. ಕೈ ಎತ್ತಿ ಎಂದರು. ಎತ್ತಿದೆ. ನಿಂತಿತ್ತು. ಎಷ್ಟೋ ವರ್ಷದ ಮೇಲೆ ನನ್ನ ಕೈ ನನ್ನ ಮಾತು ಕೇಳಿತ್ತು. ಅಲ್ಲೇ ಅತ್ತುಬಿಟ್ಟೆ.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಕೈಯನ್ನು ಹಿಡಿಯುವಷ್ಟು ಕರೆಂಟು ಏರಿಸಿದರೆ ಅದು ನಾಲಿಗೆಯನ್ನೂ ಹಿಡಿಯುತ್ತಿತ್ತು. ಇಳಿಸಿದರೆ ನಾಲಿಗೆಯ ಜೊತೆ ಕೈಯೂ ಬಿಡಿಸಿಕೊಳ್ಳುತ್ತಿತ್ತು. ಮತ್ತೆ ಮತ್ತೆ ಹೋಗಿ ತೋರಿಸಿದೆವು. ಹೀಗೆ ತಿರುಗಿಸಿ ನೋಡಿದರು, ಹಾಗೆ ತಿರುಗಿಸಿ ನೋಡಿದರು. ಕೆಲವರಿಗೆ ಹೀಗಾಗುತ್ತದೆ, ಎರಡರಲ್ಲಿ ನಿಮಗೆ ಯಾವುದು ಮುಖ್ಯ ಎಂದು ಕೊನೆಗೆ ನನ್ನನ್ನೇ ಕೇಳಿದರು. ಎಂಥ ಪ್ರಶ್ನೆ! ಅತ್ತ ದರಿ, ಇತ್ತ ಪುಲಿ. ಮಂಡಿಗೆ ಬಂದು ನೋಡಿದರೆ ಅಲ್ಲಿ ನಾನು ಇನ್ನೂ ಕುಡುಕನೇ. ಮೊದಲು ಕೈ ನೋಡಿ ಹಾಗೆ ಅಂದವರು ಈಗ ಮಾತು ಕೇಳಿ ಅನ್ನುತ್ತಿದ್ದರು. ಪಾಲುದಾರನಿಗೆ ಮಂಡಿ ಒಪ್ಪಿಸಿ ಮನೆ ಸೇರಿದೆ. ಆಗಾಗ ಕೊರಳಿಗೆ ಚಾರ್ಜರಿನ ಪಟ್ಟಿ ಹಾಕಿಕೊಂಡು, ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಗೋಡೆಯ ಪಕ್ಕ ಕೂರಬೇಕು. ಕರೆಂಟು ಹೋದರೆ ಬೀದಿಯವರೆಲ್ಲ ಫ್ಯಾನಿಗಾಗಿ ಲೈನ್‌ಮನ್‌ನನ್ನು ಬೈಯುತ್ತಾರೆ, ನನ್ನ ಹೆಂಡತಿ ಗಂಡನಿಗಾಗಿ ಬೈಯುತ್ತಾಳೆ.

ನನ್ನ ಮಗಳು ಊರಲ್ಲೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಅವರ ಕಾಲೇಜಿಗೆ ಹೊರಗಿನಿಂದ ಒಬ್ಬರು ಭಾಷಣಕ್ಕೆ ಬಂದಿದ್ದರು. ಮನುಷ್ಯ ಯಂತ್ರದ ಜೊತೆ ಕೂಡಿಕೊಂಡು ತನ್ನನ್ನು ತಾನೇ ಮೀರುವ ಕಾಲ ಬಂದಿದೆ ಎಂಬುದು ಅವರ ವಿಷಯ. ಕೈಕಾಲು ಆಡದವರು ಮೆದುಳಿಗೆ ಹಾಕಿದ ಚಿಪ್‌ನಿಂದ, ಬರೀ ಯೋಚನೆಯಿಂದ ಕಂಪ್ಯೂಟರ್ ನಡೆಸುತ್ತಿದ್ದಾರೆ ಎಂದರು. ನಾಳೆ ಕಣ್ಣಿಲ್ಲದವರಿಗೆ ಚಿಪ್ ಕಣ್ಣು ಕೊಡುತ್ತದೆ, ಮರೆತವರಿಗೆ ನೆನಪು ಕೊಡುತ್ತದೆ, ಮುಪ್ಪನ್ನು ಕಾಯಿಲೆಯಂತೆ ವಾಸಿ ಮಾಡುತ್ತಾರೆ, ಮನಸ್ಸನ್ನೇ ಕಂಪ್ಯೂಟರಿಗೆ ಏರಿಸಿ ಸಾವನ್ನು ಹೊರಗೆ ನಿಲ್ಲಿಸುತ್ತಾರೆ ಎಂದರು. "ದೂರ ಯಾಕೆ ಹೋಗ್ಬೇಕು, ನಾಳಿನ ಮನುಷ್ಯರೊಬ್ಬರು ನಿಮ್ಮ ಚಳ್ಳಕೆರೆಯಲ್ಲೇ ಇದಾರೆ" ಎಂದು ನನ್ನನ್ನು ವೇದಿಕೆಗೆ ಕರೆದರು. ಮಗಳ ಮಾತಿಗೆ ಒಪ್ಪಿ ಹೋಗಿದ್ದೆ, ತಪ್ಪಿಸಿಕೊಳ್ಳುವಂತಿರಲಿಲ್ಲ. ಹೆಂಡತಿ ಆಫ್ ಮಾಡಿದಳು, ನನ್ನ ಕೈ ಗಡಗಡ ನಡುಗಿತು, ಸಭೆ ಗಪ್ಪಾಯಿತು. ಆನ್ ಮಾಡಿದಳು, ಕೈ ನಿಂತಿತು. ಚಪ್ಪಾಳೆಯೋ ಚಪ್ಪಾಳೆ. ಇನ್ನೊಂದು ಸಲ ತೋರಿಸಿ ಎಂದು ಹಿಂದಿನ ಬೆಂಚಿನಿಂದ ಕೂಗಿದರು. ಕೋಲೆ ಬಸವನ ಹಾಗೆ ಇನ್ನೊಂದು ಸಲವೂ ತೋರಿಸಿದೆ. ಮೈಕು ಮಾತ್ರ ಯಾರೂ ನನ್ನ ಕಡೆ ತಿರುಗಿಸಲಿಲ್ಲ.

ಮನೆಗೆ ಬಂದ ಮೇಲೆ ಮಗಳು, "ಅಪ್ಪಾಜಿ, ನಿಮ್ದು ಹಳೇ ಮಾಡೆಲಂತೆ. ಮುಂದೆ ಬರೋದು ತಾನೇ ಮೆದುಳನ್ನ ನೋಡ್ಕಂಡು ಕರೆಂಟು ಹೆಚ್ಚುಕಮ್ಮಿ ಮಾಡ್ಕಳ್ಳುತ್ತಂತೆ. ರಿಮೋಟೇ ಬೇಕಾಗಲ್ಲ" ಎಂದಳು. ನಾನು ಮೊಬೈಲಿನಲ್ಲಿ ಬರೆದು ತೋರಿಸಿದೆ: ಹಂಗಾದ್ರೆ ನಿಮ್ಮವ್ವ ಯಾರ ಮೇಲೆ ದರ್ಬಾರು ಮಾಡ್ಬೇಕು? ಅದೇ ಹೊತ್ತಿಗೆ ವಿಮಾನ ಪರೀಕ್ಷೆ ಮಾಡುವ ವರವು ಕಾವಲಿನ ಕಡೆಯಿಂದ ಒಂದು ಪೈಲಟ್ ಇಲ್ಲದ ವಿಮಾನ ನಮ್ಮ ಮಾಳಿಗೆಯ ಮೇಲೆ ಗುಂಯ್ಯೆಂದು ಹೋಯಿತು. ಹೆಂಡತಿ ಅದನ್ನು ನೋಡಿ, ನನ್ನನ್ನು ನೋಡಿ, ಸೊಂಟದ ರಿಮೋಟು ಮುಟ್ಟಿಕೊಂಡು ನಕ್ಕಳು. ನಾನೂ ನಕ್ಕೆ. ಆಗ ಇನ್ನೂ ನಗುವಷ್ಟು ಶಕ್ತಿ ಇತ್ತು.

ಈಗ ಅವ್ವನ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅದಕ್ಕೆ.

ನನ್ನ ತಲೆಗೆ ತಂತಿ ಬಿದ್ದದ್ದೂ ಅವ್ವನ ಕಣ್ಣು ಪೂರ್ತಿ ಹೋದದ್ದೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ. ಸಕ್ಕರೆ ಕಾಯಿಲೆ ಅವಳ ಕೈಯ ಕಸುವನ್ನೂ ತಿಂದಿದೆ. ನೆನಪು ಬರುತ್ತದೆ, ಹೋಗುತ್ತದೆ. ಕಿವಿ ಮಾತ್ರ ಇಲಿ ಓಡಿದರೂ ಕೇಳುವಷ್ಟು ಚುರುಕು. ಬುದ್ಧಿ ಬಂದಾಗಿನಿಂದ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕಿದವಳಲ್ಲ. ಎಡಗೈಯ ಮೇಲೆ ಲಿಂಗ ಇರಬೇಕು, ವಿಭೂತಿ ಹಚ್ಚಬೇಕು, ಪತ್ರೆ ಏರಿಸಬೇಕು, ಲಿಂಗದ ಮೇಲಿಂದ ಇಳಿದ ನೀರು ಮೊದಲು ಬಾಯಿಗೆ ಹೋಗಬೇಕು. ಅದಾದ ಮೇಲೆ ಊಟ, ಮಾತ್ರೆ. ಉಳಿದದ್ದೆಲ್ಲ ಮರೆತರೂ ಇದೊಂದು ಅವಳಿಗೆ ಮರೆಯುವುದಿಲ್ಲ. ಆದರೆ ಈಗ ಆ ಅಂಗೈ ಲಿಂಗವನ್ನು ಹೊರಲಾರದು. ಯಾರಾದರೂ ಕೆಳಗಿನಿಂದ ಕೈ ಕೊಟ್ಟು ಹಿಡಿಯಬೇಕು, ಲಿಂಗ ತೆಗೆದು ಇಡಬೇಕು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ ಎಂಬ ನೇಮ ಅವ್ವನಿಗೆ ರಕ್ತದಲ್ಲಿದೆ. ಸೊಸೆ ಹತ್ತಿರ ಹೋದರೆ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುತ್ತಿದ್ದಳು. ಮೊಮ್ಮಗಳಿಗೂ ಅದೇ ಗತಿ. "ನನ್ ಮಗನ್ನ ಕರೀರಿ. ನನ್ ಹೊಟ್ಟ್ಯಾಗಿಂದ ಬಂದೋನು, ಅವನ್ ಕೈ ಅಂದ್ರೆ ನನ್ ಕೈಯೇ" ಎನ್ನುತ್ತಿದ್ದಳು. ಒಬ್ಬನೇ ಮಗ ನಾನು.

ಸರಿ, ಮಗ ಬಂದ. ಕೈ ನಿಂತಿದೆ, ನಾಲಿಗೆ ಮಲಗಿದೆ. "ಅವ್ವಾ, ನಾನು" ಎಂದೆ. ನನ್ನ ಬಾಯಿಂದ ಏನು ಹೊರಬಿತ್ತೋ ಶಿವನೇ ಬಲ್ಲ.

"ಯಾರಪ್ಪಾ ನೀನು? ಹಗಲೊತ್ನಾಗೆ ಕುಡ್ದು ಹೆಣ್ಮಕ್ಳಿರೋ ಮನೆ ಹೊಕ್ಕೀಯಲ್ಲ, ನಾಚ್ಕೆ ಆಗಲ್ವಾ?" ಎಂದಳು ಅವ್ವ.

ಹೆಂಡತಿ ಓಡಿ ಬಂದು, "ಅತ್ತೇರೇ, ಇವ್ರೇ ಕಣ್ರೀ ನಿಮ್ ಮಗ, ಆಪರೇಷನ್ ಆಗೈತಲ್ಲ" ಎಂದಳು. ಅವ್ವ ನನ್ನ ತಲೆ ತಡವಿದಳು. ತೂತು ಮುಚ್ಚಿದ ಜಾಗದಲ್ಲಿ ಎರಡು ಗಂಟಿವೆ. "ನಾ ಎಣ್ಣೆ ಹಚ್ಚಿ ಬೆಳೆಸಿದ ತಲೆ ನಂಗೆ ಗೊತ್ತಿಲ್ವಾ? ಇಂಥ ಗಂಟಿರ್ಲಿಲ್ಲ" ಎಂದು ನನ್ನನ್ನು ಆಚೆ ನೂಕಿದಳು. ಆಪರೇಷನ್ ಕತೆಯನ್ನು ದಿನಾ ಹೇಳುತ್ತಿದ್ದೆವು. ಅಯ್ಯೋ ಎಂದು ಮರುಗುತ್ತಿದ್ದಳು, ಮಧ್ಯಾಹ್ನದ ಹೊತ್ತಿಗೆ ಮರೆಯುತ್ತಿದ್ದಳು. ಗುರುವಿನ ಕೈಗೆ ಅಡ್ಡಿಯಿಲ್ಲವೆಂದು ಮಠದ ಅಯ್ನೋರು ಕೆಲವು ದಿನ ಬಂದು ಪೂಜೆ ಮಾಡಿಸಿಕೊಟ್ಟರು. ಅವರಿಗೆ ಹತ್ತಾರು ಮನೆ. ಅವರು ನಮ್ಮ ಮನೆ ಮುಟ್ಟುವ ಹೊತ್ತಿಗೆ ಅವ್ವ ಹಸಿವಿನಿಂದ ಬೆವೆತು ಒರಗಿರುತ್ತಿದ್ದಳು.

ಹಾಗಾದರೆ ಆಫ್ ಮಾಡಿಯೇ ನೋಡೋಣ ಎಂದು ಬರೆದು ತೋರಿಸಿದೆ. ಹೆಂಡತಿ ಆಫ್ ಮಾಡಿದಳು. ಸ್ವಲ್ಪ ಹೊತ್ತಿಗೆ ನನ್ನ ದನಿ ಬಂತು. "ಅವ್ವಾ, ಕೈ ಕೊಡು" ಎಂದೆ. ಕೂಡಲೇ ಕೊಟ್ಟಳು, ಮಗುವಿನ ಹಾಗೆ. ನನ್ನ ಎಡಗೈಯನ್ನು ಬಲಗೈಯಿಂದ ಅದುಮಿ ಹಿಡಿದು ಅವಳ ಕೈಕೆಳಗೆ ಇಟ್ಟೆ. ಎರಡು ಕೈಯೂ ನಡುಗುವವೇ, ಯಾವುದು ಯಾವುದನ್ನು ಹಿಡಿಯಬೇಕು? ಲಿಂಗ ಜಾರಿ ಮಂಚದಿಂದ ಉರುಳಿ ನೆಲಕ್ಕೆ ಬಿತ್ತು. ಆ ಸದ್ದು ಅವಳ ಕಿವಿಗೆ ತಪ್ಪುತ್ತದೆಯೇ?

"ಬಿತ್ತಾ?" ಎಂದಳು. ನಾನು ಮಂಚದ ಕೆಳಗೆ ಬಗ್ಗಿದೆ. "ಲಿಂಗವೇ ಕೈ ಬಿಟ್ಟ ಮ್ಯಾಲೆ ಈ ಜೀವ ಇಟ್ಕಂಡು ಏನ್ ಮಾಡ್ಲಿ" ಎಂದು ಗೋಡೆಗೆ ತಿರುಗಿ ಮಲಗಿದಳು. ಅಯ್ನೋರು ಬಂದು ಶುದ್ಧಿ ಮಾಡಿ, ಬೇಡಿಕೊಂಡು ಉಣ್ಣಿಸುವಷ್ಟರಲ್ಲಿ ಸಂಜೆಯಾಗಿತ್ತು. ಮಾರನೆಯ ದಿನ ಅವಳು ಅದನ್ನು ಮರೆತಿದ್ದಳು. ನಾನು ಮರೆಯಲಿಲ್ಲ. ಮೊದಲು ಮಾತಾಡಿ ಅವಳ ಕೈ ಪಡೆದು, ಆಮೇಲೆ ಆನ್ ಮಾಡಿಯೂ ನೋಡಿದೆವು. ಪೂಜೆಯ ಉದ್ದಕ್ಕೂ ಅವಳು "ಮಗಾ, ಇದೀಯೇನೋ?" ಎಂದು ಕೇಳುತ್ತಲೇ ಇರುತ್ತಾಳೆ. ನಾನು ತೊದಲಿದ ಕೂಡಲೇ ಕೈ ಸೆರಗಿನೊಳಗೆ.

ದಾರಿ ತೋರಿಸಿದವಳು ಮಗಳು. ನಾನು ಗ್ರೂಪಿಗೆ ಕಳಿಸುತ್ತಿದ್ದ ರೇಟಿನ ಮೆಸೇಜುಗಳೆಲ್ಲ ಮಂಡಿಯ ಫೋನಿನಲ್ಲಿ ಹಾಗೇ ಇದ್ದವು. ಅವನ್ನು ಕಂಪ್ಯೂಟರಿಗೆ ಕೇಳಿಸಿದರೆ ಅದು ನನ್ನ ದನಿ ಕಲಿಯುತ್ತದೆ, ಆಮೇಲೆ ನಾವು ಏನು ಬರೆದರೂ ನನ್ನ ದನಿಯಲ್ಲೇ ಓದುತ್ತದೆ ಎಂದಳು. ನನಗೆ ನಂಬಿಕೆ ಬರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಫೋನನ್ನು ಅವ್ವನ ದಿಂಬಿನ ಪಕ್ಕ ಇಟ್ಟು, ಮಗಳೇ ಮೊದಲ ವಾಕ್ಯ ಬರೆದಳು. ಪಾಠ ಹೇಳುವವಳಲ್ಲವೇ, ಶುದ್ಧವಾಗಿ ಬರೆದಳು.

"ಅಮ್ಮಾ, ದಯವಿಟ್ಟು ನಿಮ್ಮ ಎಡಗೈಯನ್ನು ಮುಂದಕ್ಕೆ ಚಾಚಿ" ಎಂದಿತು ಫೋನು, ಸಾಕ್ಷಾತ್ ನನ್ನ ಗಂಟಲಲ್ಲಿ.

ಅವ್ವ ಗಾಬರಿಯಾಗಿ, "ಯಾರೇ ಅದು, ಬ್ಯಾಂಕ್‌ನೋರಾ? ಒಂದು ಒತ್ತು, ಎರಡು ಒತ್ತು ಅಂತಾರೆ, ಒತ್ಬ್ಯಾಡ್ರೇ, ದುಡ್ಡೆಲ್ಲ ಹೋಗುತ್ತೆ!" ಎಂದಳು.

ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ನಾನು ಮಗಳ ಕೈಯಿಂದ ಫೋನು ಕಿತ್ತುಕೊಂಡು ಬರೆದೆ: ಅವ್ವಾ, ನಾನ್ ಕಣವ್ವಾ. ಕೈ ಕೊಡು. ಫೋನು ಅದನ್ನು ರೇಟು ಕೂಗುವ ಹುರುಪಿನಲ್ಲಿ ಹೇಳಿತು. ಅದಕ್ಕೆ ಗೊತ್ತಿದ್ದ ಧಾಟಿ ಅದೊಂದೇ. ಅವ್ವನ ಮುಖ ಅರಳಿತು.

"ಬಂದ್ಯೇನೋ ಮಗಾ! ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟ್ ದಿನ?" ಎಂದು ಕೈ ಚಾಚಿದಳು.

ನಾನು ಕೆಳಗಿನಿಂದ ಹಿಡಿದೆ. ಒಂದು ಕೂದಲಿನಷ್ಟೂ ಅಲುಗಲಿಲ್ಲ ನನ್ನ ಕೈ. "ಇದೀಯೇನೋ?" ಎಂದಾಗೆಲ್ಲ ಬಲಗೈ ಬೆರಳಿನಿಂದ ಒತ್ತಿದೆ, "ಇಲ್ಲೇ ಇದೀನಿ ಕಣವ್ವಾ" ಎಂದಿತು ಫೋನು. ಪೂಜೆ ಮುಗಿಯಿತು. ಅವ್ವ ಹೊಟ್ಟೆ ತುಂಬ ಉಂಡಳು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಳ್ಳು ಯಾಕೆ ಹೇಳಲಿ, ಅವತ್ತು ನನಗೆ ಆಕಾಶಕ್ಕೆ ಮೂರೇ ಗೇಣು. ಭಾಷಣದ ಆ ಮಹಾನುಭಾವರನ್ನು ಮನಸ್ಸಿನಲ್ಲೇ ಕ್ಷಮಿಸಿಬಿಟ್ಟೆ.

ಆಮೇಲೆ ಶುರುವಾಯಿತು ನನ್ನ ಸೆರೆವಾಸ.

ಅವ್ವನಿಗೆ ಪೂಜೆಯಷ್ಟೇ ಸಾಕಾಗಲಿಲ್ಲ. ಮಗ ಸಿಕ್ಕಿದ್ದಾನೆ, ಮಾತು ಬೇಕು. ಮಂಡಿ ಹೆಂಗೈತೆ, ಕಾಯಿ ಗಟ್ಟಿ ಬಂದೈತಾ, ತಳಕಿನ ಕಡೆ ಮಳೆ ಬಿತ್ತಾ ಎಂದು ಕೇಳುತ್ತಾಳೆ. ನಾನು ಎದುರಿಗೇ ಕೂತು, ಉಸಿರು ಬಿಗಿಹಿಡಿದು, ಬೆರಳಲ್ಲಿ ಉತ್ತರ ಬರೆಯುತ್ತೇನೆ. ಫೋನು ಹೇಳುತ್ತದೆ. ಅದಕ್ಕೆ ಕೆಮ್ಮಿಲ್ಲ, ಸುಸ್ತಿಲ್ಲ, ವಯಸ್ಸಿಲ್ಲ. ಮಂಡಿಯಲ್ಲಿ ಮೆರೆಯುತ್ತಿದ್ದ ಕಾಲದ ದನಿ ಅದು. "ಎಷ್ಟ್ ಚೆನ್ನಾಗ್ ಮಾತಾಡ್ತಾನೆ ನೋಡೇ ನನ್ ಮಗ" ಎಂದು ಸೊಸೆಗೆ ಹೇಳುತ್ತಾಳೆ. ಹಳೇ ಕತೆಗಳನ್ನು ಕೇಳುತ್ತಾಳೆ. ನಾನು ನೆನಪಿನ ಮೂಟೆಯನ್ನೆಲ್ಲ ಬಿಚ್ಚಿ ಬರೆದೆ. ಚಿಕ್ಕವನಿದ್ದಾಗ ಅವಳ ತವರಿನ ಕಣದಲ್ಲಿ ಶೇಂಗಾ ಹೊಟ್ಟಿನ ಗುಡ್ಡೆಯೊಳಗೆ ಬಚ್ಚಿಟ್ಟುಕೊಂಡು ನಿದ್ದೆ ಹೋದದ್ದು, ಇಡೀ ಊರು ನನ್ನನ್ನು ಬಾವಿಯಲ್ಲಿ ಹುಡುಕಿದ್ದು, ಸಿಕ್ಕ ಮೇಲೆ ಅವಳು ಹೊಡೆದು ಆಮೇಲೆ ತಾನೇ ಅತ್ತದ್ದು. ಅವ್ವ ನಕ್ಕು ನಕ್ಕು ಕೆಮ್ಮಿದಳು. ನಕ್ಕದ್ದು ಫೋನಿನ ಕಡೆ ಮುಖ ಮಾಡಿ.

ಒಂದು ದಿನ ಅವಳು ನೀರು ನೆತ್ತಿಗೇರಿ ಉಸಿರು ಕಟ್ಟಿದಾಗ ಅಭ್ಯಾಸಬಲದಿಂದ ನನ್ನ ಬಾಯಿಂದ "ಅವ್ವಾ!" ಎಂದು ಬಂದುಬಿಟ್ಟಿತು. ಅವಳು ಸುಧಾರಿಸಿಕೊಂಡು ಮೊದಲು ಹೇಳಿದ ಮಾತು, "ಆ ಕುಡುಕ ಇನ್ನೂ ನಮ್ ಮನ್ಯಾಗೇ ಅವ್ನಾ? ಮಗಾ, ಅವನ್ನ ಹೊರಗೆ ಹಾಕೋ." ನಾನು ಏನು ಒತ್ತಬೇಕು? ಅವತ್ತಿನಿಂದ ಅವಳ ಕೋಣೆಗೆ ಹೋಗುವಾಗ ಕೆಮ್ಮು ಬಂದರೂ ನುಂಗಿಕೊಳ್ಳುತ್ತೇನೆ. ನಾನು ಕಟ್ಟಿಸಿದ ಮನೆಯಲ್ಲಿ ನಾನೇ ಕಳ್ಳ.

ನನ್ನ ಒದ್ದಾಟ ನೋಡಲಾರದೆ ಮಗಳು ಇನ್ನೊಂದು ಉಪಾಯ ತಂದಳು. "ಅಪ್ಪಾಜಿ, ಇನ್ನು ನೀವು ಬರೆಯೋದೂ ಬೇಡ. ನಿಮ್ಮ ಮಾತಿನ ರೀತಿನೆಲ್ಲ ಅದಕ್ಕೆ ಕಲಿಸಿದ್ರೆ ಅದೇ ಕೇಳಿಸ್ಕಂಡು ಅದೇ ಉತ್ತರ ಕೊಡುತ್ತೆ. ಅಜ್ಜಿ ಎಷ್ಟೊತ್ತು ಬೇಕಾದ್ರೂ ಮಾತಾಡ್ಬಹುದು. ನೀವಿಲ್ದಿದ್ರೂ ನಡೆಯುತ್ತೆ."

ನೀವಿಲ್ಲದಿದ್ದರೂ ನಡೆಯುತ್ತದೆ! ಪಾಪ, ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆಗೆದೆ, ಜೊಲ್ಲಿನ ಜೊತೆ ಏನೋ ಒಂದು ಸದ್ದು ಬಂತು. ಬೈಗುಳಕ್ಕೂ ರಿಮೋಟು ಬೇಕಲ್ಲ ನನಗೆ, ಥೂ! ಸಾವಿಲ್ಲದ ಮನುಷ್ಯ ಬರುತ್ತಾನೆ ಎಂದು ಆ ಭಾಷಣದವರು ಹೇಳಿದ್ದು ಇದನ್ನೇ ಇರಬೇಕು. ನಾನು ಸತ್ತ ಮೇಲೂ ನಮ್ಮವ್ವನಿಗೆ ಮಗ ಇರುತ್ತಾನೆ. ಅಲ್ಲಿಯವರೆಗೆ ನಾನು ಅವನಿಗೆ ಕೈ ಮಾತ್ರ.

ನನಗೆ ಬೇಕಾಗಿದ್ದದ್ದು ಇಷ್ಟೇ. ಅವ್ವ ಕಣ್ಣು ಮುಚ್ಚುವ ಮೊದಲು ಒಂದು ಸಲ, ನನ್ನ ಸ್ವಂತ ಬಾಯಿಂದ ಬಂದ "ಅವ್ವಾ" ಕೇಳಿ ಅವಳು "ಏನೋ ಮಗಾ" ಎನ್ನಬೇಕು. ಅದನ್ನು ಬರೆದು ಹೆಂಡತಿಗೆ ತೋರಿಸಿದೆ. ಪೂಜೆ ಮುಗಿದು ಲಿಂಗ ಕೊರಳಿನ ಕರಡಿಗೆಯೊಳಕ್ಕೆ ಸೇರಿದ ಮೇಲೆ, ಬೀಳುವಂಥದ್ದು ಏನೂ ಕೈಯಲ್ಲಿಲ್ಲದಾಗ ಆಫ್ ಮಾಡು, ನಾನು ಮಾತಾಡುತ್ತೇನೆ.

"ಬ್ಯಾಡ್ರೀ" ಎಂದಳು. "ಹೆಂಗೋ ನಡೀತಾ ಐತೆ. ಅತ್ತೇರು ಹೊತ್ತಿಗೆ ಸರಿಯಾಗಿ ಉಣ್ತಾ ಇದಾರೆ. ಅಷ್ಟು ಸಾಕಾಗಲ್ವಾ ನಿಮ್ಗೆ?"

ಸಾಕಾಗಲ್ಲ ಎಂದು ತಲೆಯಾಡಿಸಿದೆ. ಅವಳು ನನ್ನ ಮುಖ ನೋಡಿ, "ಏಂದೋ ನಾ ಕರ್ಮ" ಎಂದು ತೆಲುಗಿನಲ್ಲಿ ಗೊಣಗಿ, ಒಪ್ಪಿದಳು.

ಮರುದಿನ ಪೂಜೆ ಮುಗಿಯಿತು. ಹಿತ್ತಲಿಗೆ ಹೋಗಿ ನಿಂತೆ, ಅವಳು ಆಫ್ ಮಾಡಿದಳು. ಕೈ ಕುಣಿಯತೊಡಗಿತು. ಬಿಸಿನೀರು ಮುಕ್ಕಳಿಸಿ, "ಅವ್ವಾ, ಅವ್ವಾ" ಎಂದು ಗೋಡೆಗೆ ಹೇಳಿ ನೋಡಿಕೊಂಡೆ. ಮಾತು ಸ್ಪಷ್ಟವಾಗಿತ್ತು. ಬಹಳ ದಿನ ಬಳಸದ ದನಿ ಸ್ವಲ್ಪ ಒಡೆದಿತ್ತು, ಅಷ್ಟೇ. ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತು ಅವಳ ಕೈ ಹಿಡಿದೆ.

"ಅವ್ವಾ, ನಾನು ಕಣವ್ವಾ. ನಿನ್ ಮಗ" ಎಂದೆ.

ಅವಳು ಕಿವಿ ನನ್ನ ಕಡೆ ತಿರುಗಿಸಿದಳು. ಹುಬ್ಬು ಗಂಟು ಹಾಕಿ ಕೇಳಿಸಿಕೊಂಡಳು. "ಇನ್ನೊಂದ್ ಸಲ ಅನ್ನು" ಎಂದಳು. "ಅವ್ವಾ" ಎಂದೆ.

"ಚೆನ್ನಾಗ್ ಆಡ್ತೀಯಪ್ಪಾ ನನ್ ಮಗನ್ ತರ" ಎಂದಳು. "ಯಾರ್ ಕಲ್ಸಿದ್ರು? ಗಂಟ್ಲು ಮಾತ್ರ ಮುದುಕಂದು."

"ಅವ್ವಾ, ನಾನೇ ಕಣೇ! ಹೊಟ್ಟಿನ ಗುಡ್ಡ್ಯಾಗೆ ಮಲಗಿದ್ದೆನಲ್ಲ, ನಿನ್ ತವರ್ನಾಗೆ. ಬಾವ್ಯಾಗೆಲ್ಲ ಹುಡುಕಿದ್ರಲ್ಲ, ಆಮ್ಯಾಕೆ ನೀ ಹೊಡ್ದು ನೀನೇ ಅತ್ತೆಯಲ್ಲ!"

"ಅದ್ನ ನನ್ ಮಗ ಮೊನ್ನೆ ಹೇಳ್ತಿದ್ದ. ಬಾಗ್ಲ ಹಿಂದೆ ನಿಂತು ಕೇಳ್ಕಂಡೀಯಾ?" ಅವಳು ಕೈ ಕಿತ್ತುಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ನನ್ನ ನಡುಕಕ್ಕೆ ಅವಳ ತೋಳು, ಬಳೆ, ಮಂಚ ಎಲ್ಲ ನಡುಗುತ್ತಿತ್ತು. ಅವಳು ಹೆದರಿ ಕೂಗಿದಳು, "ಮಗಾ! ಎಲ್ಲಿದೀಯೋ? ಬೇಗ ಬಾರೋ ಮಗಾ!"

"ಇಲ್ಲೇ ಇದೀನಲ್ಲವ್ವಾ!" ಎಂದು ನಾನೂ ಕೂಗಿದೆ. "ನಿನ್ ಮುಂದೇ ಇದೀನಲ್ಲೇ! ನಾನು, ನಾ..."

ಮಾತು ಬಾಯಲ್ಲೇ ಕರಗಿಹೋಯಿತು. ಕೈ ನಿಂತಿತು. ತಿರುಗಿ ನೋಡಿದರೆ ಹೆಂಡತಿ ರಿಮೋಟು ಹಿಡಿದು ನಿಂತಿದ್ದಳು, ಅಳುತ್ತಿದ್ದಳು. ದಿಂಬಿನ ಪಕ್ಕದಿಂದ ಫೋನು ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಅವ್ವ ಗಾಳಿಯಲ್ಲಿ ಕೈಯಾಡಿಸುತ್ತಾ ನನ್ನನ್ನೇ ಕರೆಯುತ್ತಿದ್ದಳು. ಬೇರೆ ದಾರಿ ಇರಲಿಲ್ಲ. ಬರೆದೆ.

"ಬಂದೆ ಕಣವ್ವಾ, ಹೆದ್ರಬ್ಯಾಡ" ಎಂದಿತು ಫೋನು.

ಅವ್ವನ ಉಸಿರು ಮೆಲ್ಲಗೆ ತಹಬಂದಿಗೆ ಬಂತು. ಹೆಂಡತಿ ಮುಖ ತೊಳೆದುಕೊಂಡು, ಒಣರೊಟ್ಟಿಯಿದ್ದ ತಟ್ಟೆಯಲ್ಲಿ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಬಟ್ಟಲು ಇಟ್ಟು ತಂದು ನನ್ನ ಕೈಗೆ ಕೊಟ್ಟಳು. ಒಂದು ಚಮಚ ಎತ್ತಿ ಅವ್ವನ ತುಟಿಯ ಹತ್ತಿರ ಒಯ್ದೆ. ಅವಳು ಬಾಯಿ ತೆರೆಯಲಿಲ್ಲ.

"ಮಗಾ, ಆ ಮನುಷ್ಯ ಹೋದ್ನಾ?" ಎಂದು ಕೇಳಿದಳು.

ಚಮಚ ಬಟ್ಟಲಿಗೆ ಇಟ್ಟು ಫೋನು ಎತ್ತಿಕೊಂಡೆ. ಸುಳ್ಳು ಬರೆಯಲು ಬೆರಳು ಬರಲಿಲ್ಲ. "ಇಲ್ಲ ಕಣವ್ವಾ, ಇಲ್ಲೇ ಅವ್ನೆ" ಎಂದು ಬರೆದೆ.

"ಬೈಬ್ಯಾಡ ಅವನ್ನ" ಎಂದಳು ಅವ್ವ, ದನಿ ತಗ್ಗಿಸಿ. "ಕೈ ಹಿಡ್ಕಂಡಿದ್ನಲ್ಲ, ಮೈಯೆಲ್ಲ ನಡುಗ್ತಿತ್ತು ಕಣೋ. ಹೊಟ್ಟೆಗಿಲ್ದೆ ಅಂಗಾಗಿರ್ಬೇಕು. ಯಾರು ಹೆತ್ತ ಮಗನೋ, ಪಾಪ. ಮೊದ್ಲು ಅವನ್ಗೆ ಒಂದು ತುತ್ತು ಕೊಡು. ಆಮ್ಯಾಕೆ ನಾ ಉಣ್ತೀನಿ."

ಹೆಂಡತಿ ಬಾಗಿಲ ಕಡೆ ಮುಖ ತಿರುಗಿಸಿಕೊಂಡಳು. ಅವ್ವ ಕಿವಿ ಕೊಟ್ಟು ಕಾಯುತ್ತಿದ್ದಳು. ನಾನು ತಟ್ಟೆಯಿಂದ ಒಣರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಅವಳಿಗೆ ಕೇಳಲೆಂದು ಜೋರಾಗಿ ಅಗಿದೆ. ನುಂಗಿದೆ.

"ಉಂಡ್ನಾ?" ಎಂದಳು.

"ಉಂಡ ಕಣವ್ವಾ" ಎಂದು ಬರೆದೆ. ಫೋನು ಹೇಳಿತು. ಅವ್ವ ಬಾಯಿ ತೆರೆದಳು.